ಕೇತಮ್ಮನ ಸುಸ್ತು

ಬೆಳಗಿನಿಂದ ಹಸಿ ಸೊಪ್ಪಿನ ಕಂತೆಯಿಂದ ಕಾಡಿನ ಬೆಂಕಿಯನ್ನು ಬಡಿದು ಆರಿಸುತ್ತಿದ್ದರೂ ಕೇತಮ್ಮನಿಗೆ ಒಂದಿಷ್ಟೂ ಸುಸ್ತಿರಲಿಲ್ಲ. ಅವಳ ಸುಸ್ತನ್ನು ಮಣಿಕಟ್ಟಿನ ಪಟ್ಟಿ ಎಂದಿನಂತೆ ಕಾಡಂಚಿನ ಹಾಡಿಯ ಗುಡಿಸಲಲ್ಲಿದ್ದ ತಂಗಿ ಬೊಮ್ಮಿಗೆ ಸಾಗಿಸುತ್ತಿತ್ತು. ಕಾಡುಬೆಂಕಿ ಆರಿಸುವ ಪಡೆಯ ಪ್ರತಿಯೊಬ್ಬರಿಗೂ ಮನೆಯಲ್ಲಿ ಹೀಗೆ ದಣಿಯುವವರೊಬ್ಬರಿದ್ದರು. ಗಂಟೆಗೊಮ್ಮೆ ಅವರನ್ನು ವಿಚಾರಿಸಬೇಕೆಂಬುದು ತರಬೇತಿಯ ಮೊದಲ ಪಾಠ. ಹೋದ ಬೇಸಗೆಯಲ್ಲಿ ವಿಚಾರಿಸಲು ಮರೆತವನೊಬ್ಬನ ಹೆಂಡತಿ ಒಲೆಯ ಮುಂದೆಯೇ ಕುಸಿದು ಪ್ರಾಣ ಬಿಟ್ಟಿದ್ದಳು.

ಗಾಳಿ ತಿರುಗಿದ ಗಡಿಬಿಡಿಯಲ್ಲಿ ಕೇತಮ್ಮನೂ ಮೂರು ಗಂಟೆ ಕಾಲ ವಿಚಾರಿಸುವುದನ್ನು ಮರೆತಿದ್ದಳು. ನೆನಪಾದೊಡನೆ ಫೋನು ಮಾಡಿದಳು.

"ಬೊಮ್ಮಿ, ನಂಗೆಷ್ಟು ಸುಸ್ತಾಗದೆ?"

ಏದುಸಿರಿನ ನಡುವೆ ಬೊಮ್ಮಿಯ ದನಿ ಬಂತು. "ನಿಂಗೇನಾಗದೆ ಧಾಡಿ? ನೀ ಬಡೀತಿರು ಅಕ್ಕ... ಬೆಂಕಿ ಹಾಡಿ ಕಡೀಕೇ ಬತ್ತಾದೆ."

"ಸುಳ್ಳಿ! ಎದ್ದು ನಿಂತ್ಕಂಡು ಹೇಳು, ನೋಡಾನ."

"ಕೂತೇ ಹೇಳ್ತೀನಿ, ಬುಡು."

ಕೇತಮ್ಮ ಪಟ್ಟಿ ಬಿಚ್ಚಿದಳು. ಬೆಳಗಿನಿಂದಿನ ದಣಿವೆಲ್ಲ ಒಮ್ಮೆಲೇ ಮರಳಿ ಬಂದು ಅವಳನ್ನು ಬೂದಿಯ ಮೇಲೆ ಕೂರಿಸಿತು.

"ಬಿಚ್ಚಿದ್ಯಾಕಕ್ಕ?" ಬೊಮ್ಮಿ ಎದ್ದು ನಿಂತಿರಬೇಕು, ದನಿ ಈಗ ಗಟ್ಟಿಯಾಗಿತ್ತು.

"ಎದ್ಯಲ್ಲ, ಸಾಕು. ಎಲ್ಲಾರ್ನೂ ಹೊಳೆ ಆಚೆಗೆ ಕರ್ಕೊಂಡೋಗು."

ಕೇತಮ್ಮ ಎದ್ದು ಮತ್ತೆ ಸೊಪ್ಪಿನ ಕಂತೆ ಎತ್ತಿದಳು. ಅದು ಇಷ್ಟು ಭಾರವಿದೆಯೆಂದು ಅವಳಿಗೆ ಈವರೆಗೆ ಗೊತ್ತೇ ಇರಲಿಲ್ಲ.