ನಲವತ್ತರ ಒಳಗೆ

“ಹಾಗಾದರೆ ಐವತ್ತೈದಕ್ಕೇ ನಿಲ್ಲಿಸಬಹುದು” ಎಂದು ಗಣೇಶಪ್ರಸಾದ್ ಲ್ಯಾಪ್‌ಟಾಪನ್ನು ಹೆಂಡತಿ ಅನನ್ಯಳ ಕಡೆ ತಿರುಗಿಸಿದಾಗ, ಮನೆಗೆಲಸದ ಅಕ್ಕ, ಓಮನ ಚೇಚಿ, ಅದೇ ಮೇಜಿನ ಕೆಳಗೆ ಬಗ್ಗಿ ನೆಲ ಒರೆಸುತ್ತಿದ್ದರು. ಮಲಯಾಳ ನಾಡಿನ ಕಲೂರಿನ ಆ ಫ್ಲ್ಯಾಟಿನ ಮನೆಮಾತಾದ ಕನ್ನಡ ಅವರಿಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಒರೆಸುವ ಕೈ ನಿಂತಿತು.

“ಏನು ನಿಲ್ಲಿಸುವುದು, ಮೋನೇ?” ಮಗನನ್ನು ಕರೆಯುವ ಹಾಗೆ, ಮಲಯಾಳದಲ್ಲಿ ಕೇಳಿದರು.

“ಕೆಲಸ, ಚೇಚಿ. ಆಮೇಲೆ ಪಿಂಚಣಿಯಲ್ಲೇ ಆರಾಮಾಗಿ ಇರುವುದು. ಅದಕ್ಕೆ ಈಗಿನಿಂದಲೇ ಕಟ್ಟುತ್ತಾ ಬರಬೇಕು.”

ಚೇಚಿ ಕುರ್ಚಿ ಹಿಡಿದು, ಮೊಣಕಾಲಿಗೆ ಕೈಯೂರಿ ನಿಧಾನವಾಗಿ ಎದ್ದರು. “ನಮ್ಮಂಥವರಿಗೂ ಅಂಥದ್ದು ಉಂಟೋ?”

“ಉಂಟಲ್ಲ! ಸರ್ಕಾರದ್ದೇ ಉಂಟು. ತಿಂಗಳಿಗೆ ಸ್ವಲ್ಪ ಕಟ್ಟಿದರೆ ಸಾಕು” ಎಂದ ಗಣೇಶಪ್ರಸಾದ್ ಉತ್ಸಾಹದಿಂದ. ಕಚೇರಿಗೆ ಹೊಸದಾಗಿ ಸೇರಿದವರನ್ನೆಲ್ಲ ಕೂರಿಸಿಕೊಂಡು ಇದನ್ನು ತಿಳಿಸಿ ಹೇಳುವವನೇ ಅವನು. “ಆದರೆ ನಲವತ್ತರ ಒಳಗೆ ಸೇರಿಕೊಳ್ಳಬೇಕಿತ್ತು, ಚೇಚಿ.”

“ಓ.” ಅವರು ಒಂದು ಕ್ಷಣ ಮನಸ್ಸಿನಲ್ಲೇ ಎಣಿಸಿದರು. “ಈ ಮನೆಗೆ ಬಂದಾಗ ನನಗೆ ಮೂವತ್ತೆಂಟು. ಹತ್ತು ವರ್ಷ ಆಯಿತಲ್ಲ.”

ಆ ಮಾತಿನಲ್ಲಿ ದೂರು ಇರಲಿಲ್ಲ. ಅನನ್ಯ ಗಂಡನ ಮುಖ ನೋಡಿ ತಲೆ ತಗ್ಗಿಸಿದಳು. ಹತ್ತು ವರ್ಷದಲ್ಲಿ ಒಂದು ದಿನವಾದರೂ ಹೇಳಬಹುದಿತ್ತು. ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಚೇಚಿ ಮತ್ತೆ ಬಗ್ಗಿದ್ದರು. “ಕಾಲು ಸ್ವಲ್ಪ ಎತ್ತು, ಮೋನೇ.”

ಅವನು ಎತ್ತಿದ.