ರೇಷ್ಮೆಯ ಪರೀಕ್ಷೆ

ಸ್ನಾನ ಮುಗಿಸಿದ ಕೂಸಿನ ಕಾಲು ಹಿಡಿದಾಗ, ಮೊಣಕಾಲ ಕೆಳಗೆ ದರ್ಜಿಯ ಬೆರಳಿಗೆ ಏನೋ ಒರಟಾಗಿ ತಾಗಿತು. ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

“ಏನಾಯ್ತು?” ಎಂದಳು ಹೆಂಡತಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುತ್ತ.

“ಕಾಲು... ನನ್ ಥರಾನೇ ಇದೆ ಕಣೆ.”

“ನಿಮ್ಮ ಕೈಗೆ ಬೆಣ್ಣೆ ಕೊಟ್ರೂ ಮರಳು ಅನ್ನುತ್ತೆ,” ಎಂದು ನಗಲು ನೋಡಿದಳು.

ಅವಳು ಹೇಳಿದ್ದೂ ನಿಜವೇ. ಹುಟ್ಟಿನಿಂದ ಬಂದ ಒಣ ಚರ್ಮ ಅವನದು. ಕಾಲಿನ ಮೇಲೆ ಮೀನಿನ ಹುರುಪೆಯಂಥ ಪದರು, ಅಂಗೈ ತುಂಬ ಬಿರುಕು. ಚಿಕ್ಕವನಿದ್ದಾಗ ಅವನಮ್ಮ ಅದನ್ನು ಕೊಳೆಯೆಂದೇ ತಿಳಿದು, ನೆತ್ತರು ಜಿನುಗುವವರೆಗೆ ಉಜ್ಜುತ್ತಿದ್ದಳು. ಪಾಪ, ಅವಳಿಗೇನು ಗೊತ್ತು? ಆದರೆ ಆ ಉರಿ ಅವನಿಗೆ ಇಂದಿಗೂ ಮರೆತಿಲ್ಲ. ಮಗು ಹೊಟ್ಟೆಯಲ್ಲಿದ್ದಾಗಿನಿಂದ ಅವನಿಗೆ ಅದೊಂದೇ ಹೆದರಿಕೆ: ತನ್ನದು ಇದಕ್ಕೂ ಬಂದುಬಿಟ್ಟರೆ?

“ನೀನೇ ಮುಟ್ಟಿ ನೋಡು.”

“ನನ್ ಕೈಯೆಲ್ಲ ಸೋಪು,” ಎಂದಳು, ಅವನ ಮುಖ ನೋಡದೆ. ಆಮೇಲೆ ಮೆಲ್ಲಗೆ, “ಅಂಗಡಿಗೆ ರೇಷ್ಮೆ ಬಂದ್ರೆ ಹೇಗೆ ನೋಡ್ತೀರಿ? ಹಾಗೇ ನೋಡಿ.”

ರೇಷ್ಮೆಯನ್ನು ಅವನು ಬೆರಳಿನಿಂದ ಮುಟ್ಟುತ್ತಿರಲಿಲ್ಲ. ಬಿರುಕಿಗೆ ಎಳೆ ಸಿಕ್ಕಿ ಕಿತ್ತು ಬರುತ್ತಿತ್ತು. ತುಟಿಗೆ ಸವರಿಕೊಂಡು ನಯವೋ ಒರಟೋ ಹೇಳುತ್ತಿದ್ದ. “ಏನ್ ಮಾಸ್ಟ್ರೇ, ಬಟ್ಟೆಗೂ ಮುತ್ತು ಕೊಡ್ತೀರಾ?” ಎಂದು ಗಿರಾಕಿಗಳು ಛೇಡಿಸುತ್ತಿದ್ದರು. ಆದರೂ ಅವನ ತುಟಿ ಒಮ್ಮೆಯೂ ತಪ್ಪು ಹೇಳಿರಲಿಲ್ಲ.

ಈಗ ಆ ತಪ್ಪದ ತುಟಿಗೇ ಅವನು ಹೆದರಿದ. ಕಣ್ಣು ಮುಚ್ಚಿ ಬಾಗಿ, ಮಗುವಿನ ಒದ್ದೆ ಕಾಲನ್ನು ತುಟಿಯಿಂದ ಮೇಲಿನಿಂದ ಕೆಳಕ್ಕೆ ಸವರಿದ. ಮಗು ಕಚಗುಳಿಗೆ ಕೇಕೆ ಹಾಕಿತು.

ಅವನು ತಲೆ ಎತ್ತಲಿಲ್ಲ. ಅವಳು ಟವೆಲ್ ಎತ್ತಿಕೊಂಡು ಆ ಕಾಲನ್ನು ಗಸಗಸನೆ ಒರೆಸತೊಡಗಿದಳು, ಒರೆಸಿದರೆ ಹೋಗಿಬಿಡುತ್ತದೆ ಎಂಬಂತೆ.

ದರ್ಜಿ ಅವಳ ಕೈ ತಡೆದ. ಗೂಡಿನಲ್ಲಿದ್ದ ತನ್ನ ಮುಲಾಮಿನ ಡಬ್ಬಿ ತೆರೆದು, ಒಂದು ಉಂಡೆ ತೆಗೆದು ಅವಳ ನುಣುಪು ಅಂಗೈಗೆ ಹಾಕಿದ.

“ಉಜ್ಜಬೇಡ ಕಣೆ. ಒದ್ದೆ ಇರೋವಾಗ್ಲೇ ಹಚ್ಚಬೇಕು. ನಮ್ಮಮ್ಮಂಗೆ ಇದನ್ನ ಹೇಳೋರು ಯಾರೂ ಇರ್ಲಿಲ್ಲ.”