ಮಗ್ ಅಂದರೆ ಹೆಸರುಕಾಳು

ಸೋಮವಾರ ಬೆಳಿಗ್ಗೆ ಒಂದನೆಯ ತರಗತಿಯ ಬಾಗಿಲಲ್ಲಿ ಮೇದಿನಿ ತಾಯಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಅತ್ತ ಅಳುವಿಗೆ ಹೆಡ್‌ಮಿಸ್ಟ್ರೆಸ್ ತಮ್ಮ ಕೋಣೆಯಿಂದ ಎದ್ದು ಬಂದರು. ಮಗುವಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ರೈಲ್ವೆಯಲ್ಲಿರುವ ಅಪ್ಪ ಪಾಂಡುರಂಗನಿಗೆ ಹುಬ್ಬಳ್ಳಿಯಿಂದ ವಡೋದರಾಕ್ಕೆ ವರ್ಗವಾಗಿ ಇನ್ನೂ ತಿಂಗಳಾಗಿರಲಿಲ್ಲ. ಮಂಜಲ್‌ಪುರದ ಅವರ ಮನೆಗೆ ಹತ್ತಿರವಿದ್ದದ್ದು ಈ ಗುಜರಾತಿ ಶಾಲೆಯೊಂದೇ. ಒಂದು ವಾರ ತಾಯಿಯೂ ಜೊತೆಗೆ ಕೂರಲಿ, ಅಷ್ಟರಲ್ಲಿ ಹುಡುಗಿ ಹೊಂದಿಕೊಳ್ಳದಿದ್ದರೆ ಮುಂದಿನ ವರ್ಷ ಕರೆತರಲಿ ಎಂದು ಹೆಡ್‌ಮಿಸ್ಟ್ರೆಸ್ ಹಿಂದಿಯಲ್ಲಿ ಹೇಳಿ ಹೋದರು.

ತಾಯಿ ಪಾರ್ವತಿ ಹಿಂದಿನ ಸಾಲಿನ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಮುದುರಿಕೊಂಡು ಕುಳಿತಳು. ತಮ್ಮಂದಿರನ್ನು ಎತ್ತಿ ಆಡಿಸಬೇಕೆಂದು ತವರಿನವರು ಅವಳನ್ನು ಮೂರನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರು. ಎರಡು ದಿನ ತಾಯಿಗೂ ಮಗಳಿಗೂ ಏನೊಂದೂ ತಿಳಿಯಲಿಲ್ಲ. ಮೇದಿನಿ ಬಾಯಿ ತೆರೆಯಲಿಲ್ಲ, ಸೆರಗೂ ಬಿಡಲಿಲ್ಲ.

ಬುಧವಾರ ಟೀಚರ್ ನಯನಾಬೆನ್ ಹಲಗೆಯ ಮೇಲೆ ಮ, ಗ ಎಂದು ಎರಡಕ್ಷರ ಬರೆದು, ಕೂಡಿಸಿ ‘ಮಗ್’ ಎಂದು ಓದಿಸಿದರು. ಡಬ್ಬಿಯಿಂದ ಒಂದು ಹಿಡಿ ಹೆಸರುಕಾಳು ತೆಗೆದು, ಮಗ್ ಅಂದರೆ ಇದೇ ಎಂದು ತೋರಿಸುತ್ತ ಹಿಂದಿನ ಸಾಲಿಗೂ ಬಂದರು. ಪಾರ್ವತಿಗೆ ನಗು ತಡೆಯಲಾಗಲಿಲ್ಲ. ಏನೆಂದು ಟೀಚರ್ ಕೇಳಿದಾಗ, ನಮ್ಮ ಭಾಷೆಯಲ್ಲಿ ಮಗ ಅಂದರೆ ಬೇಟಾ ಎಂದು ಹರುಕು ಹಿಂದಿಯಲ್ಲಿ ಹೇಳಿದಳು. ನಯನಾಬೆನ್ ತಮ್ಮ ಅಂಗೈ ನೋಡಿಕೊಂಡು, ಹಾಗಾದರೆ ನನಗೆ ಇಷ್ಟೊಂದು ಗಂಡುಮಕ್ಕಳು ಎಂದರು. ತರಗತಿಯೆಲ್ಲ ನಕ್ಕಿತು. ಮೇದಿನಿಯೂ ನಕ್ಕಳು. ಮುಂದೆ ಕೂತಿದ್ದ ಹೇತ್ವಿ ಎಂಬ ಹುಡುಗಿ ಹಿಂತಿರುಗಿ, ಟೀಚರ ಅಂಗೈಯಿಂದ ನಾಲ್ಕು ಕಾಳು ತೆಗೆದು ಅವಳ ಕೈಯಲ್ಲಿ ಇಟ್ಟಳು.

ಮರುದಿನ ಮೇದಿನಿ ಹೇತ್ವಿಯ ಪಕ್ಕ ಹೋಗಿ ಕೂತಳು. ಬಿಡುವಿನಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಅಂಗಳಕ್ಕೆ ಓಡಿದರು. ಮಗಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಪಾರ್ವತಿ ಅಂದೇ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಆ ಮನೆಯಲ್ಲಿ ಗಂಡ ಡ್ಯೂಟಿಯಿಂದ ಬರುವವರೆಗೆ ಅವಳನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ಶುಕ್ರವಾರ ಅವಳೂ ಒಂದು ಪಾಟಿ ತಂದು, ಮಕ್ಕಳೊಂದಿಗೆ ದನಿಗೂಡಿಸಿ ಓದಿದಳು, ಬರೆದಳು. ನಯನಾಬೆನ್ ಬಳಿಗೆ ಬಂದು, ಅವಳ ಪಾಟಿಯ ಮೇಲೆ ವಕ್ರವಾಗಿದ್ದ ಒಂದು ಅಕ್ಷರವನ್ನು ತಿದ್ದಿದರು. ಇನ್ನು ಬರಬೇಕಿಲ್ಲ ಎಂದು ಮಾತ್ರ ಅವರು ಹೇಳಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಪಾಂಡುರಂಗ ವಿಚಾರಿಸಿದ.

“ಇನ್ನೂ ಎಷ್ಟು ದಿನಾ ಹೋಗಿ ಕುಂಡ್ರಾಕಿ? ಹುಡುಗಿ ಸುಮ್ಮನಾಗ್ಯಾಳಲ್ಲ?”

“ಎಲ್ಲಿ ರೀ, ಇನ್ನೂ ಅಳತಾಳ,” ಎಂದಳು ಪಾರ್ವತಿ, ಒಲೆಯ ಕಡೆ ಮುಖ ಮಾಡಿ.

ಮೇದಿನಿ ತಟ್ಟೆಯಿಂದ ತಲೆಯೆತ್ತಿ ತಾಯಿಯ ಬೆನ್ನನ್ನೇ ನೋಡಿದಳು. ಮತ್ತೆ ತಲೆ ತಗ್ಗಿಸಿ ಉಣ್ಣತೊಡಗಿದಳು.

ಶನಿವಾರ ಹೆಡ್‌ಮಿಸ್ಟ್ರೆಸ್ ತರಗತಿಗೆ ಬಂದರು. ಹೇತ್ವಿಯ ಭುಜಕ್ಕೆ ಭುಜ ತಾಗಿಸಿ ಕೂತಿದ್ದ ಮೇದಿನಿಯನ್ನು ಕಂಡು ಅವರಿಗೆ ಸಮಾಧಾನವಾಯಿತು. ಆಮೇಲೆ ಕಣ್ಣು ಹಿಂದಿನ ಸಾಲಿಗೆ ಹೋಯಿತು. ಮಗು ಹೊಂದಿಕೊಂಡಿದೆ, ಇನ್ನೂ ಇವರೇಕೆ ಇಲ್ಲಿ ಎಂದು ನಯನಾಬೆನ್‌ರನ್ನು ಕೇಳಿದರು. ನಯನಾಬೆನ್ ಉತ್ತರಿಸುವ ಮೊದಲೇ ಪಾರ್ವತಿ ಪಾಟಿಯನ್ನು ಮಗುಚಿಟ್ಟು, ಯಾರ ಮುಖವನ್ನೂ ನೋಡದೆ ಎದ್ದಳು.

ಮೇದಿನಿಯೂ ಎದ್ದು ನಿಂತಳು. ಅಲ್ಲಿಯವರೆಗೆ ತರಗತಿಯಲ್ಲಿ ಗಟ್ಟಿಯಾಗಿ ಒಂದು ಮಾತೂ ಆಡದ ಹುಡುಗಿ, ತಾಯಿಯತ್ತ ಕೈ ತೋರಿಸಿ ಗುಜರಾತಿಯಲ್ಲಿ ಹೇಳಿದಳು:

“ಅಮಾರಾ ವರ್ಗಮಾಂ ಭಣೇ ಛೇ.”

ನಮ್ಮ ತರಗತಿಯಲ್ಲಿ ಓದುತ್ತಾಳೆ.

ಹೆಡ್‌ಮಿಸ್ಟ್ರೆಸ್ ಮಗುವನ್ನು ನೋಡಿದರು, ಎದ್ದು ನಿಂತಿದ್ದ ತಾಯಿಯನ್ನು ನೋಡಿದರು. “ಹಾಗಿದ್ದರೆ ಸೋಮವಾರ ಪ್ರಾರ್ಥನೆಗೆ ಸರಿಯಾಗಿ ಬರಬೇಕು,” ಎಂದರು ಪಾರ್ವತಿಗೆ, ತಡವಾಗಿ ಬಂದ ಯಾವುದೇ ಮಗುವಿಗೆ ಹೇಳುವ ದನಿಯಲ್ಲಿ.